ಒಂದು ಜೋಡಿ ಕಚ್ಚಾ ಕೊಂಡಿ

ಎರಡಕ್ಕೆ ಏಳುನೂರು ರೂಪಾಯಿ ಕೊಟ್ಟೆ. ಒಳ್ಳೆಯ ಮಾಲು ತೆಗೆದುಕೊಂಡಿದ್ದರೆ ಎರಡೂವರೆ ಸಾವಿರ ಬೀಳುತ್ತಿತ್ತು. ಸಾವಿರದ ಎಂಟುನೂರು ಉಳಿಸಲು ನನಗೊಂದು ಕಾರಣವಿತ್ತು, ಅದನ್ನು ಮುಂದೆ ಹೇಳುತ್ತೇನೆ. ಆ ಉಳಿತಾಯದಿಂದ ಕಮಲಾಪುರದ ಒಂದು ಹೊಲದಲ್ಲಿ ಏನಾಯಿತು ಎಂಬುದನ್ನೂ ಹೇಳುತ್ತೇನೆ. ಹೇಗಾಯಿತು ಎಂದು ಮಾತ್ರ ಕೇಳಬೇಡಿ. ಐದಾರು ವರ್ಷಗಳಿಂದ ನನ್ನನ್ನೇ ನಾನು ಕೇಳಿಕೊಳ್ಳುತ್ತಿದ್ದೇನೆ, ಉತ್ತರ ಸಿಕ್ಕಿಲ್ಲ.

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ಕಲಬುರಗಿಯ ಸೇಡಂ ರಸ್ತೆಯಲ್ಲಿ ನನ್ನದು ಗಾಡಿ ಸಾಮಾನಿನ ಅಂಗಡಿ, ಹಿಂದುಗಡೆ ಒಂದು ಚಿಕ್ಕ ವರ್ಕ್‌ಶಾಪು. ದೂರದ ದಾರಿ ಓಡಿಸುವವರು ದಿನಾ ಬರುತ್ತಾರೆ, ಅವರ ಹತ್ತಿರ ಕಥೆಗಳಿಗೆ ಕೊರತೆಯಿಲ್ಲ. ತಿರುವಿನಲ್ಲಿ ಕೈ ಮಾಡಿದ ಹೆಂಗಸು, ಖಾಲಿ ಸೀಟಿನಲ್ಲಿ ಕೆಮ್ಮಿದ ಮುದುಕ. ನಾನು ಕೇಳುತ್ತಿದ್ದುದು ಇಷ್ಟೇ, ಎಷ್ಟು ತಾಸಿನಿಂದ ನಿದ್ದೆ ಇಲ್ಲ, ಎಷ್ಟು ಕುಡಿದಿದ್ದಿ ಎಂದು. ವ್ಯಾಪಾರದಲ್ಲಿ ಯಾರು ಏನೇ ಹೇಳಿದರೂ ಅರ್ಧಕ್ಕೆ ಕೇಳುವುದು ನನ್ನ ರೂಢಿ. ದೆವ್ವದ ಕಥೆಯನ್ನೂ ಅರ್ಧಕ್ಕೇ ಕೇಳುತ್ತಿದ್ದೆ. ಈಗ ನನ್ನ ಕಥೆಯನ್ನು ಪೂರ್ತಿ ಬೆಲೆಗೆ ನಿಮಗೆ ಕೊಡಲು ಕೂತಿದ್ದೇನೆ. ನೀವು ಚೌಕಾಶಿ ಮಾಡಿದರೆ ಬೇಜಾರಿಲ್ಲ.

ಕಸುಬಿನ ಬಗ್ಗೆ ಸ್ವಲ್ಪ ಹೇಳದೆ ಮುಂದಿನದು ತಿಳಿಯುವುದಿಲ್ಲ. ಲಾರಿ ಸ್ಟ್ಯಾಂಡಿನ ಪಕ್ಕ ಪಂಕ್ಚರ್ ತಿದ್ದುವ ಕೆಲಸದಿಂದ ನಾನು ಶುರು ಮಾಡಿದವನು. ಈಗ ಫೋರ್ ವೀಲ್ ಡ್ರೈವ್ ಗಾಡಿಗಳನ್ನು, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಜೋರು ಹೋಗುವ ಗಾಡಿಗಳನ್ನು, ದಾರಿಯಿಲ್ಲದ ಕಡೆ ಹೋಗಲು ಸಜ್ಜು ಮಾಡಿಕೊಡುತ್ತೇನೆ. ಬಂದವರೆಲ್ಲ ಮೊದಲು ಕೇಳುವುದು ತಲೆಯ ಮೇಲಿನ ದೀಪ, ಕ್ಯಾರಿಯರ್, ದಪ್ಪ ಟೈರು. ಎಲ್ಲ ಕಣ್ಣಿಗೆ ಕಾಣುವ ಸಾಮಾನು. ಒಳಗೆ ಹೋಗುವುದನ್ನು ಗಾಡಿಯೇ ನೋಡಿಕೊಳ್ಳುತ್ತದೆ, ನೀವು ಹೊರಗೆ ಬರುವುದಕ್ಕೆ ದುಡ್ಡು ಇಡಿ ಎಂದು ನಾನು ಹೇಳುತ್ತೇನೆ. ಹೂತುಹೋದ ಗಾಡಿಯನ್ನು ಇನ್ನೊಂದು ಗಾಡಿಯಿಂದ ಎಳೆದು ತೆಗೆಯಲು ಎರಡು ಸಾಮಾನು ಮುಖ್ಯ. ಒಂದು, ರಬ್ಬರಿನ ಹಾಗೆ ಹಿಗ್ಗುವ ನೈಲಾನ್ ಪಟ್ಟಿ. ಇನ್ನೊಂದು, ಆ ಪಟ್ಟಿಯನ್ನು ಗಾಡಿಗೆ ಸಿಕ್ಕಿಸುವ ಶ್ಯಾಕಲ್. ಕುದುರೆ ಲಾಳದಂಥ ಉಕ್ಕಿನ ಬಳೆ ಅದು, ಬಾಯಿಗೆ ಅಡ್ಡಲಾಗಿ ತಿರುಗಿಸಿ ಹಾಕುವ ದಪ್ಪ ಪಿನ್ನು. ಅಂಗೈಯಲ್ಲಿ ಹಿಡಿಸುತ್ತದೆ. ಪಟ್ಟಿ ಹಿಗ್ಗಿ ಬಿಗಿದಾಗ ಎರಡು ಗಾಡಿಗಳ ಜೋರೆಲ್ಲ ಅದರ ಮೇಲೆ ಬೀಳುತ್ತದೆ. ಮುರಿದರೆ ಗುಂಡಿನ ಹಾಗೆ ಹಾರುತ್ತದೆ. ಎದುರಿಗೆ ಗಾಜಿದ್ದರೆ ಗಾಜು, ಮನುಷ್ಯನಿದ್ದರೆ ಮನುಷ್ಯ.

ಗಿರಾಕಿಗಳ ಮುಂದೆ ನಾನು ಯಾವತ್ತೂ ಶ್ಯಾಕಲ್ ಎಂದೇ ಹೇಳುತ್ತೇನೆ. ಹಾಗೆ ಹೇಳಿದರೆ ಬೆಲೆ ಬರುತ್ತದೆ. ಮನಸ್ಸಿನಲ್ಲಿ ಮಾತ್ರ ಅದು ನನಗೆ ಕೊಂಡಿ. ನಮ್ಮಪ್ಪ ದಾಲ್ ಮಿಲ್ಲುಗಳ ಮುಂದೆ ಕೈಗಾಡಿ ಎಳೆಯುತ್ತಿದ್ದ. ಸರಪಳಿಗೆ ಹಾಕುವ ಕಬ್ಬಿಣಕ್ಕೆ ನಮ್ಮ ಮನೆಯಲ್ಲಿ ಕೊಂಡಿ ಅನ್ನುತ್ತಿದ್ದೆವು. ಅಂಗಡಿ ಇಟ್ಟ ಮೇಲೆ ಆ ಮಾತನ್ನು ನಾನು ಬಾಯಿಂದ ಹೊರಗೆ ಬಿಟ್ಟಿರಲಿಲ್ಲ. ಇದನ್ನು ನೆನಪಿಡಿ.

ಮಹಾನಂದಾ ಸಿಸ್ಟರ್ ನನ್ನ ಅಂಗಡಿಗೆ ಬಂದದ್ದು ಮಳೆಗಾಲದ ಶುರುವಿನಲ್ಲಿ. ನಮ್ಮ ರಸ್ತೆಯ ಒಂದು ಆಸ್ಪತ್ರೆಯಲ್ಲಿ ನರ್ಸು, ಐವಾನ್-ಎ-ಶಾಹಿ ಕಡೆ ಮನೆ, ವಯಸ್ಸು ನಲವತ್ತೈದರ ಆಜುಬಾಜು. ಒಂದು ಹಳೆಯ ಫೋರ್ ವೀಲ್ ಡ್ರೈವ್ ಗಾಡಿ ಕೊಂಡು, ಕನ್ನಡಿಗೆ ಬೌದ್ಧರ ಪಂಚರಂಗಿ ಪಟ್ಟಿ ಕಟ್ಟಿದ್ದರು. ತಮ್ಮ ಗೌತಮನನ್ನೂ ಇಬ್ಬರು ಜೊತೆ ನರ್ಸುಗಳನ್ನೂ ಕರೆದುಕೊಂಡು ಚಳಿಗಾಲದಲ್ಲಿ ಗುಜರಾತಿನ ಉಪ್ಪಿನ ಬಯಲಿಗೆ ಹೋಗಬೇಕೆಂದು ಅವರ ಆಸೆ. ಅದಕ್ಕಾಗಿ ನಾಲ್ಕು ವರ್ಷದಿಂದ ರಜೆ ಉಳಿಸಿದ್ದರಂತೆ.

ನಾನು ಎಲ್ಲ ಸೇರಿ ಎಪ್ಪತ್ತೆರಡು ಸಾವಿರ ಎಂದೆ. ಅವರು ಚೀಟಿ ಮಡಚಿ ಪರ್ಸಿನಲ್ಲಿಟ್ಟುಕೊಂಡು ನನ್ನ ಮುಖ ನೋಡಿದರು.

"ಅಣ್ಣಾ, ನಾ ಇಪ್ಪತ್ತು ವರ್ಷ ಸೂಜಿ ಚುಚ್ಚೀನಿ. ಯಾರಿಗಿ ಖರೇನೇ ನೋವು ಆಗ್ತದ, ಯಾರು ಸುಮ್ನ ಒದರ್ತಾರ, ನಂಗ ಗೊತ್ತಾಗ್ತದ. ನಿಮಗ ಇನ್ನಾ ನೋವು ಆಗಿಲ್ಲ. ಅರವತ್ತು ಮಾಡ್ರಿ."

ನನ್ನ ಫಿಟ್ಟರ್ ರೌಫ್ ಭಾಯ್ ಗಾಡಿಯ ಕೆಳಗೆ ಮಲಗಿದ್ದವನು ಅಲ್ಲಿಂದಲೇ ನಕ್ಕ. ಪಂಕ್ಚರ್ ದಿನಗಳಿಂದ ನನ್ನ ಜೊತೆಗಿರುವವನು ಅವನು. ಸಾವ್ಕಾರ ಎಂದು ನನ್ನನ್ನು ಕರೆಯುವುದು ಅವನ ಹಳೆಯ ಕುಚೇಷ್ಟೆ.

"ಸಾವ್ಕಾರ, ಇವತ್ತ ನಿಮಗ ಡಾಕ್ಟರ್ ಸಿಕ್ಕಾರ ನೋಡ್ರಿ."

"ಡಾಕ್ಟರ್ ಅಲ್ರಿ, ನರ್ಸ್," ಎಂದರು ಸಿಸ್ಟರ್. "ಡಾಕ್ಟರ್ ಬರೇ ಬರೀತಾರ. ಚುಚ್ಚಾವ್ರು ನಾವು."

ಅರವತ್ತೊಂದಕ್ಕೆ ಮುಗಿಯಿತು. ಲುಕ್ಸಾನೇನೂ ಇರಲಿಲ್ಲ, ಆದರೆ ರೌಫ್ ಭಾಯ್ ಎದುರಿಗೆ ನಾನು ಸೋತದ್ದು ಅದೇ ಮೊದಲು. ಕಳೆದುಕೊಂಡದ್ದನ್ನು ಕಾಣದ ಕಡೆಯಿಂದ ತೆಗೆಯಬೇಕು ಅನ್ನಿಸಿತು. ಇದೇ ಆ ಕಾರಣ. ಇದಕ್ಕಿಂತ ದೊಡ್ಡ ಕಾರಣ ಹೇಳಿದರೆ ಸುಳ್ಳಾಗುತ್ತದೆ.

ಶಹಾಬಜಾರದ ಒಂದು ಸಂದಿಯಲ್ಲಿ ಹಳೆ ಕಬ್ಬಿಣದ ವ್ಯಾಪಾರಿಯೊಬ್ಬನಿದ್ದ. ಅವನ ಬುಟ್ಟಿಯಲ್ಲಿ ಶ್ಯಾಕಲ್‌ಗಳಿದ್ದವು. ಮೈಮೇಲೆ ನಾಲ್ಕೂ ಮುಕ್ಕಾಲು ಟನ್ ಎಂದು ಅಚ್ಚಿತ್ತು. ಅಚ್ಚಿನ ಅಂಚು ಮಾತ್ರ ಕರಗಿದ ಬೆಲ್ಲದ ಹಾಗೆ ಮೊಂಡಾಗಿತ್ತು. ಒಳ್ಳೆಯ ಮಾಲಿನಲ್ಲಿ ಅಂಕಿ ಉಗುರಿಗೆ ತಾಗುವಂತಿರುತ್ತದೆ. ವ್ಯಾಪಾರಿ ಪ್ರಾಮಾಣಿಕ, ಅವನೇ ಹೇಳಿದ.

"ಮಾಲ್ ಕಚ್ಚಾ ಅದ ಸಾಬ್. ಶೋಕಿಗಿ ಬಂಪರಿಗಿ ಹಾಕ್ರಿ, ಕೆಂಪು ಬಣ್ಣ ಹೊಡೀರಿ, ಮಸ್ತ್ ಕಾಣ್ತದ. ಜೋರ್ ಹಾಕಬ್ಯಾಡ್ರಿ."

ಕಚ್ಚಾ ಎಂದರೆ ನಮ್ಮ ಬಜಾರಿನಲ್ಲಿ ಖಾತ್ರಿಯಿಲ್ಲದ ಮಾಲು. ಮುರಿಯಲೇಬೇಕೆಂದಿಲ್ಲ, ಮುರಿದರೆ ಕೇಳುವಂತಿಲ್ಲ, ಅಷ್ಟೇ. ಒಂದು ಜೋಡಿ ತಂದೆ, ಕೆಂಪು ಬಣ್ಣ ಹೊಡೆದೆ, ಸಿಸ್ಟರ್ ಸಾಮಾನಿನ ಚೀಲದಲ್ಲಿ ಇಟ್ಟೆ. ಆ ದಿನ ರೌಫ್ ಭಾಯ್ ಮದುವೆಗೆಂದು ಊರಿಗೆ ಹೋಗಿದ್ದ. ವಿಷಯ ಗೊತ್ತಿದ್ದದ್ದು ಆ ವ್ಯಾಪಾರಿಗೂ ನನಗೂ ಮಾತ್ರ, ಮತ್ತು ಆ ವ್ಯಾಪಾರಿಗೆ ಸಿಸ್ಟರ್ ಯಾರೆಂದು ಗೊತ್ತಿರಲಿಲ್ಲ. ಸಮಾಧಾನಕ್ಕೆ ನನ್ನ ಹತ್ತಿರ ಒಂದು ಲೆಕ್ಕವಿತ್ತು. ಹತ್ತು ಗಿರಾಕಿಗಳಲ್ಲಿ ಎಂಟು ಮಂದಿ ಆ ಚೀಲವನ್ನು ಬಿಚ್ಚುವುದೇ ಇಲ್ಲ.

ಸಿಸ್ಟರ್ ಉಳಿದ ಇಬ್ಬರಲ್ಲಿ ಒಬ್ಬರು. "ಆಸ್ಪತ್ರೆಗಿ ಹೊಸ ಮಷಿನ್ ಬಂದ್ರ ಮೊದಲು ಖಾಲಿ ಹಾಸಿಗಿ ಮ್ಯಾಲ ನಡಸ್ತೀವಿ. ನೀವೂ ನಡಸಿ ತೋರಸ್ರಿ," ಎಂದರು. ಆಗಲಿ ಎಂದೆ.

ಹೀಗೆ ಶ್ರಾವಣದ ಒಂದು ರವಿವಾರ ಕಮಲಾಪುರಕ್ಕೆ ಹೋದೆವು. ಸಿಸ್ಟರ್ ಮತ್ತು ಗೌತಮ ಅವರ ಗಾಡಿಯಲ್ಲಿ, ನಾನು ಮತ್ತು ರೌಫ್ ಭಾಯ್ ನಮ್ಮ ವರ್ಕ್‌ಶಾಪಿನ ಹಳೆ ಜೀಪಿನಲ್ಲಿ. ಆ ಕಡೆ ಕೆಂಪು ಮಣ್ಣು ಮುಗಿದು ಕರಿಮಣ್ಣು ಶುರುವಾಗುವ, ಬಿತ್ತದೆ ಪಡ ಬಿದ್ದ ಒಂದು ಹೊಲವಿದೆ. ಹೊಲದವ ಭೀಮರಾಯ ನನ್ನ ಪರಿಚಯದವ, ಕೆಂಬಾಳೆ ಬೆಳೆಯುತ್ತಾನೆ, ಮನೆ ಹೊಲದಿಂದ ಅರ್ಧ ಮೈಲಿ ಆಚೆ. ಒದ್ದೆಯಾದ ಕರಿಮಣ್ಣಿನಲ್ಲಿ ಪಾಸಾದ ಸಾಮಾನು ಎಲ್ಲಿಯಾದರೂ ಪಾಸಾಗುತ್ತದೆ. ಅದು ಟೈರಿನ ಹಲ್ಲುಗಳನ್ನೆಲ್ಲ ತುಂಬಿಕೊಂಡು ಚಕ್ರವನ್ನು ರೊಟ್ಟಿಯ ಹಾಗೆ ನುಣ್ಣಗೆ ಮಾಡಿಬಿಡುತ್ತದೆ.

ಮಧ್ಯಾಹ್ನ ಮೂರರ ಹೊತ್ತು. ಗೌತಮ ಹೇಳಿದಂತೆ ಗಾಡಿಯನ್ನು ಕೆಸರಿಗೆ ಇಳಿಸಿದ. ಚಕ್ರದ ಕಾಲು ಭಾಗ ಹೂತರೆ ಸಾಕು ಅಂದುಕೊಂಡಿದ್ದೆ, ಆಕ್ಸಲ್ಲಿನ ತನಕ ಕೂತುಬಿಟ್ಟಿತು. ರೌಫ್ ಭಾಯ್ ಪಟ್ಟಿ ಬಿಚ್ಚಿದ, ಚೀಲದಿಂದ ಒಂದು ಕೆಂಪು ಶ್ಯಾಕಲ್ ತೆಗೆದ. ನಾನು ಅವನನ್ನು ತಡೆದೆ. ಚಕ್ರದ ಕೆಳಗೆ ಒಣ ತೊಗರಿ ಕಟ್ಟಿಗೆ ಹಾಸಿದರೆ ಗಾಡಿ ತಾನೇ ಹತ್ತಿ ಬರುತ್ತದೆ, ಎಳೆಯುವ ಕೆಲಸವೇ ಬೀಳುವುದಿಲ್ಲ ಎಂದೆ. ನಮ್ಮ ಕಡೆ ತೊಗರಿ ಕಟ್ಟಿಗೆ ಇಲ್ಲದ ಹಿತ್ತಲಿಲ್ಲ, ಭೀಮರಾಯನ ಮನೆಯಲ್ಲಿ ಒಟ್ಟಿಲೇ ಇತ್ತು.

"ಆರು ಸಾವಿರದ ಪಟ್ಟಿ ಇಲ್ಲಿಟ್ಟು ಉರುವಲ ಕಟಿಗಿ ತರಾಕ ಹೊಂಟೀರಲ್ಲ ಸಾವ್ಕಾರ," ಎಂದ ರೌಫ್ ಭಾಯ್.

"ನಾ ಬರೂ ತನಕ ಯಾರೂ ಎಳೀಬ್ಯಾಡ್ರಿ," ಎಂದಷ್ಟೇ ಹೇಳಿ ಹೊರಟೆ.

ಇಲ್ಲಿ ವಾಕಿಟಾಕಿಯ ವಿಷಯ ಹೇಳಬೇಕು. ಉಪ್ಪಿನ ಬಯಲಿನಲ್ಲಿ ಮೊಬೈಲ್ ನಡೆಯುವುದಿಲ್ಲವೆಂದು ಸಿಸ್ಟರ್ ಸಾಮಾನಿನಲ್ಲಿ ಎರಡು ವಾಕಿಟಾಕಿ ಇದ್ದವು. ಒಂದು ನಮ್ಮ ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ಚಾಲೂ ಇತ್ತು. ಇನ್ನೊಂದು ನನ್ನ ಹತ್ತಿರ. ನನ್ನದರ ಬ್ಯಾಟರಿ ದಾರಿಯಲ್ಲೇ ಮುಗಿದಿತ್ತು, ರೌಫ್ ಭಾಯ್ ಅದನ್ನು ಬಿಚ್ಚಿ ಸಿಸ್ಟರ್ ಗಾಡಿಯಲ್ಲಿ ಚಾರ್ಜಿಗೆ ಇಟ್ಟಿದ್ದ. ಉಳಿದ ಖಾಲಿ ಸೆಟ್ಟನ್ನು ಹೊಲದಲ್ಲಿ ಬಿಟ್ಟುಹೋಗಲು ಮನಸ್ಸು ಬರದೆ ಅಂಗಿಯ ಕಿಸೆಗೆ ಹಾಕಿಕೊಂಡು ನಡೆದೆ.

ಭೀಮರಾಯ ಹಿತ್ತಲಲ್ಲಿ ಕಟ್ಟಿಗೆಯ ಹೊರೆ ಕಟ್ಟಲು ಹೋದ. ಅವನ ಹೆಂಡತಿ ಶಾಂತಾಬಾಯಿ ಕಟ್ಟೆಯ ಮೇಲೆ ನನಗೆ ಚಹಾ ತಂದಿಟ್ಟು ಅಲ್ಲೇ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ನಾನು ಒಂದೇ ವಿಷಯ ಯೋಚಿಸುತ್ತಿದ್ದೆ. ವಾಪಸ್ ಹೋಗಿ ಹೇಳಿಬಿಡಲೇ? ಮಾತನ್ನೂ ಜೋಡಿಸಿಕೊಂಡೆ: "ತಡೀರಿ ಸಿಸ್ಟರ್, ಆ ಕೊಂಡಿ ಕಚ್ಚಾ ಅದ." ಅದರ ಮುಂದೆ ಅವರೇನು ಕೇಳುತ್ತಾರೆ, ನಾನೇನು ಹೇಳಬೇಕು, ಊರಲ್ಲಿ ಮೂವರು ನರ್ಸುಗಳು ಮುನ್ನೂರು ಮಂದಿಗೆ ಏನು ಹೇಳುತ್ತಾರೆ, ಎಲ್ಲ ನೋಡಿದೆ. ಬೇಡ ಅನ್ನಿಸಿತು. ಕಟ್ಟಿಗೆ ಹಾಸಿ ಗಾಡಿ ತೆಗೆಯೋಣ, ನಾಳೆ ಅಂಗಡಿಯಲ್ಲಿ ಏನಾದರೂ ನೆಪ ಹೇಳಿ ಜೋಡಿಯನ್ನು ಬದಲಿಸೋಣ ಎಂದು ತೀರ್ಮಾನ ಮಾಡಿದೆ. ತೀರ್ಮಾನ ಮಾಡಿ ಚಹಾ ಬಾಯಿಗಿಟ್ಟರೆ ಆರಿ ತಣ್ಣಗಾಗಿತ್ತು. ಆಗಲೇ ಒಮ್ಮೆ ಗುಡುಗಿತು. ಆ ಮಧ್ಯಾಹ್ನ ಗುಡುಗಿದ್ದು ಅದೊಂದೇ ಸಲ.

ಭೀಮರಾಯ ಹೊರೆಗಳನ್ನು ಮೋಟಾರ್ ಸೈಕಲ್ಲಿಗೆ ಕಟ್ಟಿಕೊಂಡು ಮುಂದೆ ಹೋದ, ನಾನು ಹಿಂದೆ ನಡೆದೆ. ಅವನು ಹೊರೆ ಇಳಿಸಿ ವಾಪಸ್ ಹೋದ ಮೇಲೆ ನಾನು ಹೊಲಕ್ಕೆ ಬಂದಾಗ ಮೂವರೂ ಗಾಡಿಗಳ ಹೊರಗೆ ನಿಂತಿದ್ದರು. ಪಟ್ಟಿ ಎರಡು ಗಾಡಿಗಳ ನಡುವೆ ಸಡಿಲಾಗಿ ಬಿದ್ದಿತ್ತು. ಅವತ್ತು ಆದದ್ದನ್ನು ಮೂವರ ಬಾಯಿಂದ ಬೇರೆ ಬೇರೆಯಾಗಿ ಕೇಳಿ ನಾನು ಜೋಡಿಸಿಕೊಂಡದ್ದು ಹೀಗೆ.

ಮೋಡ ಕವಿಯುತ್ತಿತ್ತು. ಮಳೆ ಬಂದರೆ ಗಾಡಿ ಇನ್ನೂ ಹೂಳುತ್ತದೆ, ಸಾವ್ಕಾರ ಬರುವ ತನಕ ಕಾಯುವುದು ಬೇಡ ಎಂದು ರೌಫ್ ಭಾಯ್ ತಯಾರಿ ಮಾಡಿದ. ಗೌತಮ ಹೂತ ಗಾಡಿಯಲ್ಲಿ, ಗಾಜು ಏರಿಸಿಕೊಂಡು. ಎಳೆಯುವ ಜೀಪಿನಲ್ಲಿ ಸಿಸ್ಟರ್, ಕಲಿಯಬೇಕೆಂದು ಅವರೇ ಹಟ ಹಿಡಿದು ಕೂತಿದ್ದರು. ಹಿಗ್ಗುವ ಪಟ್ಟಿಯನ್ನು ಮೊದಲೇ ಬಿಗಿಯಾಗಿ ಕಟ್ಟುವುದಿಲ್ಲ. ಐದಾರು ಮೊಳ ಸಡಿಲು ಬಿಟ್ಟು, ಎಳೆಯುವ ಗಾಡಿ ಓಟ ತೆಗೆದುಕೊಂಡು ಜಗ್ಗಬೇಕು. ರೌಫ್ ಭಾಯ್ ಶ್ಯಾಕಲ್ಲಿನ ಪಿನ್ನು ತಿರುಗಿಸಿ ಕೈಯಿಂದ ಜಗ್ಗಿ ನೋಡಿದ. ಪಟ್ಟಿಯ ಆಚೆ ಒಂದು ಕಾಲು, ಈಚೆ ಒಂದು ಕಾಲು. "ಚಲೋ ಅದ," ಎಂದ.

ನಮ್ಮ ಕಡೆ ಈ ಒಂದು ಮಾತಿಗೆ ಎರಡು ಅರ್ಥ. ಕನ್ನಡದಲ್ಲಿ ಚಲೋ ಅಂದರೆ ಒಳ್ಳೆಯದು, ಉರ್ದುವಿನಲ್ಲಿ ನಡಿ, ಹೊರಡು. ಬಜಾರಿನಲ್ಲಿ ಎರಡೂ ಒಂದೇ ಬಾಯಲ್ಲಿ ಓಡಾಡುತ್ತವೆ, ಯಾರಿಗೂ ತೊಡಕಾಗುವುದಿಲ್ಲ. ಸಿಸ್ಟರ್‌ಗೆ ತಿಳಿಯಲಿ ಎಂದು ರೌಫ್ ಭಾಯ್ ಕನ್ನಡದಲ್ಲಿ ಹೇಳಿದ್ದ. ರೌಫ್ ಭಾಯ್ ಅಲ್ಲವೇ, ಉರ್ದುವಿನಲ್ಲಿ ಹೇಳಿರಬೇಕು ಎಂದು ಸಿಸ್ಟರ್ ತಿಳಿದರು. ಎಂಜಿನ್ನಿನ ಸದ್ದಿನಲ್ಲಿ ಹಿಂದಿನ "ಅದ" ಮುಳುಗಿತ್ತು. ಕ್ಲಚ್ ಬಿಟ್ಟರು, ಜೀಪು ಓಟ ತೆಗೆದುಕೊಂಡಿತು.

ಆಗ ಡ್ಯಾಶ್‌ಬೋರ್ಡಿನ ಮೇಲಿನ ವಾಕಿಟಾಕಿಯಿಂದ ನನ್ನ ದನಿ ಬಂತು. "ತಡೀರಿ ಸಿಸ್ಟರ್, ಆ ಕೊಂಡಿ ಕಚ್ಚಾ ಅದ."

ಸಿಸ್ಟರ್ ಬ್ರೇಕ್ ಒತ್ತಿದರು. ಪಟ್ಟಿ ಬಿಗಿಯಲು ಎರಡು ಮೊಳ ಬಾಕಿ ಇತ್ತು. ಬಿಗಿದಿದ್ದರೆ ಕೊಂಡಿ ಮುರಿಯುವುದು ಆಮೇಲಿನ ಮಾತು, ಮೊದಲು ಆ ಪಟ್ಟಿ ರೌಫ್ ಭಾಯ್‌ನ ಎರಡು ಕಾಲುಗಳ ನಡುವಿನಿಂದ ಮೇಲೆದ್ದು ಅವನನ್ನು ಎತ್ತಿ ಒಗೆಯುತ್ತಿತ್ತು. ವಾಕಿಟಾಕಿಯ ದನಿ ಪೂರ್ತಿ ಏರಿಸಿದ್ದರಿಂದ ಅವನಿಗೂ ಕೇಳಿಸಿತ್ತು. ಗಾಜು ಏರಿಸಿದ್ದ ಗೌತಮನಿಗೆ ಕೇಳಿಸಿದ್ದು ಆಮೇಲಿನ ಗುಡುಗು ಮಾತ್ರ.

"ಒಂದೇ ಮಾತಿನ್ಯಾಗ ನನ್ನ ಕಾಲೂ ಉಳಿಸಿದ್ರಿ, ಅಂಗಡಿ ಮಾನಾನೂ ಕಳದ್ರಿ ಸಾವ್ಕಾರ," ಎಂದ ರೌಫ್ ಭಾಯ್. ನಗಲು ನೋಡಿದ, ಆಗಲಿಲ್ಲ.

ನಾನು ಮಾತಾಡಲೇ ಇಲ್ಲ ಎಂದೆ. ಕಿಸೆಯಿಂದ ಸೆಟ್ಟು ತೆಗೆದು ತಿರುಗಿಸಿ ಹಿಡಿದೆ. ಬ್ಯಾಟರಿ ಕೂರುವ ಜಾಗ ಖಾಲಿ. ಗೌತಮ ಗಾಡಿಯಿಂದ ಬ್ಯಾಟರಿಯನ್ನು ಚಾರ್ಜರ್ ಸಮೇತ ತಂದು ತೋರಿಸಿದ. ರೌಫ್ ಭಾಯ್ ಸೆಟ್ಟನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಬರೇ ಡಬ್ಬಿ ಎಂದು ವಾಪಸ್ ಕೊಟ್ಟ. ನನ್ನ ಮೊಬೈಲನ್ನೂ ನೋಡಿದರು, ಯಾರಿಗೂ ಕರೆ ಹೋಗಿರಲಿಲ್ಲ. ಕೇಳಿದ ಮಾತನ್ನು ಇಬ್ಬರೂ ಬೇರೆ ಬೇರೆ ನಿಂತು ಹೇಳಲಿ ಎಂದೆ. ಇಬ್ಬರೂ ಹೇಳಿದ್ದು ಅದೇ ಐದಾರು ಶಬ್ದ.

"ಅದಾ ನಂಗ ತಿಳೀವಲ್ದು," ಎಂದ ರೌಫ್ ಭಾಯ್. "ನೀವು ಶ್ಯಾಕಲ್ ಅಂತೀರಿ. ಕೊಂಡಿ ಅಂದದ್ದು ನಾ ಒಂದಿನಾ ಕೇಳಿಲ್ಲ. ದನಿ ಮಾತ್ರ ನಿಮ್ದ."

ಈಗ ನನ್ನ ಪರಿಸ್ಥಿತಿ ನೋಡಿ. ನಾನು ಮಾತಾಡಿಲ್ಲ ಎನ್ನುವುದು ಸಾಬೀತಾಗಿತ್ತು. ಮಾತಾಡಿಲ್ಲ ಎಂದ ಮೇಲೆ ಆ ಮಾತಿಗೆ ನಾನು ಜವಾಬ್ದಾರನಲ್ಲ. ಎಲ್ಲಿಂದಲೋ ಯಾರದೋ ಮಾತು ಬಂತು, ನನ್ನ ಮಾಲು ಪಕ್ಕಾ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ವ್ಯಾಪಾರಿಗೆ ಇಂಥ ಅವಕಾಶ ಸುಮ್ಮನೆ ಸಿಗುವುದಿಲ್ಲ. ಸಿಸ್ಟರ್ ಕೂಡ ಆ ಮಾತಿಗೇ ಬಂದರು.

"ಆಯ್ತು ಅಣ್ಣಾ, ನೀವು ಮಾತಾಡಿಲ್ಲ. ಹಂಗಾದ್ರ ಈಗ ಮಾತಾಡ್ರಿ. ಇದು ಪಕ್ಕಾ ಅದನಾ?"

ರೌಫ್ ಭಾಯ್ ಕೆಂಪು ಶ್ಯಾಕಲ್ಲಿನ ಮೇಲೆ ಕೈ ಇಟ್ಟ. "ಪಕ್ಕಾ ಅಂತ ಸಾವ್ಕಾರ ಅಂದ್ರ ಎಳೀರಿ ಸಿಸ್ಟರ್. ನಾ ಇಲ್ಲೇ ನಿಂದರ್ತೀನಿ."

ಅವನು ತಮಾಷೆ ಮಾಡುತ್ತಿರಲಿಲ್ಲ. ನಾನು ಹೂಂ ಎಂದಿದ್ದರೆ ನಿಲ್ಲುತ್ತಿದ್ದ. ಪಂಕ್ಚರ್ ದಿನಗಳಿಂದ ಅವನು ನನ್ನ ಮಾತಿನ ಮೇಲೆಯೇ ಗಾಡಿಗಳ ಕೆಳಗೆ ಮಲಗಿದವನು. ಹೂಂ ಅನ್ನಲು ಬಾಯಿ ತೆರೆದೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ಗೊತ್ತಿಲ್ಲ.

"ಬಿಡ್ರಿ," ಎಂದರು ಸಿಸ್ಟರ್. "ಗೊತ್ತಾಯ್ತು. ನಾಡಿ ಹಿಡಿಯೂ ಕೆಲಸಾನೇ ನಂದು."

ರೌಫ್ ಭಾಯ್ ಪಿನ್ನು ಬಿಚ್ಚತೊಡಗಿದ. ತೊಗರಿ ಕಟ್ಟಿಗೆ ಹಾಸಿದೆವು, ಟೈರುಗಳ ಗಾಳಿ ಅರ್ಧ ಇಳಿಸಿದೆವು, ನಾಲ್ವರೂ ಸೇರಿ ಮಣ್ಣು ಬಗೆದೆವು. ಒಂದು ತಾಸು ಹಿಡಿಯಿತು, ಗಾಡಿ ತಾನೇ ಹತ್ತಿ ಬಂತು. ವಾಪಸ್ ಬರುವಾಗ ಜೀಪನ್ನು ರೌಫ್ ಭಾಯ್ ಓಡಿಸಿದ. ಅಂಗಡಿ ಮುಂದೆ ಇಳಿದು, "ಅವತ್ತ ಮದುವಿಗಿ ನಾ ಹೋಗಬಾರದಿತ್ತು," ಎಂದಷ್ಟೇ ಅಂದ. ನನಗೆ ಅವನು ಬೈದಿದ್ದರೆ ಹಗುರಾಗುತ್ತಿತ್ತು.

ಮರುವಾರ ಬಾಳೆಹಣ್ಣು ಕೊಳ್ಳುವ ನೆಪದಲ್ಲಿ ಒಬ್ಬನೇ ಕಮಲಾಪುರಕ್ಕೆ ಹೋದೆ. ಅವತ್ತು ಕಟ್ಟೆಯ ಮೇಲೆ ಕೂತು ನನ್ನಷ್ಟಕ್ಕೆ ನಾನೇ ಏನಾದರೂ ಮಾತಾಡಿಕೊಂಡೆನೇ ಎಂದು ಶಾಂತಾಬಾಯಿಯನ್ನು ಕೇಳಿದೆ.

"ಇಲ್ರಿ ಅಣ್ಣಾ, ತುಟಿ ಪಿಟಕ್ ಅಂದಿಲ್ಲ ನೀವು. ಚಾ ಕುಡೀರಿ, ಚಾ ಕುಡೀರಿ ಅಂತ ಮೂರು ಸಲ ಅಂದೆ. ಏನೋ ಬ್ಯಾನಿ ಇರ್ಬೇಕು ಅನ್ಕೊಂಡು ಸುಮ್ನಾದೆ."

ಅವಳು ಹೇಳಿದ ಬೆಲೆಗೇ ಹಣ್ಣು ತೆಗೆದುಕೊಂಡು ಬಂದೆ. ಚೌಕಾಶಿ ನೆನಪಾದದ್ದು ಅರ್ಧ ದಾರಿಗೆ ಬಂದ ಮೇಲೆ.

ನನಗೆ ತೋಚಿದ್ದನ್ನೆಲ್ಲ ಮಾಡಿ ನೋಡಿದೆ. ವಾಕಿಟಾಕಿ ರಿಪೇರಿ ಮಾಡುವವನ ಹತ್ತಿರ ಎರಡೂ ಸೆಟ್ ಬಿಚ್ಚಿಸಿದೆ. ಬ್ಯಾಟರಿ ಇಲ್ಲದೆ ಇದು ಇಟ್ಟಿಗೆ ಎಂದ ಅವನು. ಬೇರೆ ಯಾರದೋ ಮಾತು ಅದೇ ಚಾನೆಲ್ಲಿನಲ್ಲಿ ಬಂದಿರಬಹುದು ಎಂದ. ಬಂದಿರಬಹುದು. ಹಾಗೆ ಬಂದವನು ಸಿಸ್ಟರ್ ಎನ್ನಬೇಕು, ಕೊಂಡಿ ಎನ್ನಬೇಕು, ಕಚ್ಚಾ ಎನ್ನಬೇಕು, ನನ್ನ ದನಿಯಲ್ಲಿ ಅನ್ನಬೇಕು. ಇನ್ನು ಶ್ಯಾಕಲ್ ಹಿಡಿದಾಗಲೇ ರೌಫ್ ಭಾಯ್‌ಗೆ ಅನುಮಾನ ಬಂದು, ಅವನೂ ಸಿಸ್ಟರೂ ಸೇರಿ ನನ್ನ ಬಾಯಿ ಬಿಡಿಸಲು ಕಥೆ ಕಟ್ಟಿದರೇ? ಇದನ್ನೂ ಯೋಚಿಸಿದೆ. ಆದರೆ ಅನುಮಾನ ಬಂದವನು ಪಟ್ಟಿಯ ಆಚೆ ಈಚೆ ಕಾಲಿಟ್ಟು ನಿಲ್ಲುತ್ತಾನೆಯೇ? ಜೀಪು ಬ್ರೇಕ್ ಹಾಕಿ ಜಾರಿದ ಗುರುತು ಕೆಸರಿನಲ್ಲಿ ಇತ್ತು, ನಾನೇ ನೋಡಿದ್ದೇನೆ.

ಕಡೆಗೆ ಆ ಜೋಡಿಯನ್ನು ಲಾರಿ ಬಾಡಿ ಕಟ್ಟುವವರ ಹತ್ತಿರ ಒಯ್ದು ಹೈಡ್ರಾಲಿಕ್ ಜಾಕಿಗೆ ಹಾಕಿಸಿದೆ. ಒಂದರ ಪಿನ್ನು ಬಾಗಿ, ಬಾಯಿ ತೆರೆದು, ಹಾರಿ ತಗಡಿಗೆ ಹೊಡೆದು ತೂತು ಮಾಡಿತು. ಇನ್ನೊಂದು ಅಚ್ಚು ಹಾಕಿದ ತೂಕವನ್ನೂ ದಾಟಿ ಏನೂ ಆಗದೆ ನಿಂತಿತು. ಅವತ್ತು ರೌಫ್ ಭಾಯ್ ಕೈಗೆ ಬಂದದ್ದು ಇವೆರಡರಲ್ಲಿ ಯಾವುದು ಎಂದು ಗೊತ್ತಿಲ್ಲ. ಎರಡಕ್ಕೂ ಒಂದೇ ಬಣ್ಣ, ಗುರುತು ಹಾಕಿರಲಿಲ್ಲ.

ಸಿಸ್ಟರ್‌ಗೆ ಒಳ್ಳೆಯ ಜೋಡಿ ಕೊಟ್ಟೆ, ಬೆಲೆ ಕೇಳಲಿಲ್ಲ. ಚಳಿಗಾಲದಲ್ಲಿ ಅವರು ಹೋಗಿ ಬಂದರು, ಎರಡು ಸಲ ಗಾಡಿ ಹೂತಿತ್ತಂತೆ, ಎರಡು ಸಲವೂ ತೆಗೆದರಂತೆ. ಬರುವಾಗ ನನಗೊಂದು ಪೊಟ್ಟಣ ಉಪ್ಪು ತಂದುಕೊಟ್ಟು, "ಇದು ಪಕ್ಕಾ ಅದ ಅಣ್ಣಾ," ಎಂದರು. ಆ ದನಿಯ ಬಗ್ಗೆ ನಿಮಗೇನು ಅನ್ನಿಸುತ್ತದೆ ಎಂದು ಕೇಳಿದೆ. "ದವಾಖಾನಿದಾಗ ಇಂಥಾವು ಭಾಳ ಕೇಳ್ತೀವಿ. ಚಾರ್ಟಿನ್ಯಾಗ ಬರಿಯಾಂಗಿಲ್ಲ," ಎಂದು ಹೋದರು. ರೌಫ್ ಭಾಯ್ ಈಗಲೂ ನನ್ನ ಜೊತೆಗಿದ್ದಾನೆ. ಹೊಸ ಮಾಲು ಬಂದರೆ ಅಂಕಿಯ ಮೇಲೆ ಒಮ್ಮೆ ಉಗುರು ಆಡಿಸಿಯೇ ಒಳಗಿಡುತ್ತಾನೆ. ನಾನು ನೋಡಿಯೂ ನೋಡದವನ ಹಾಗೆ ಇರುತ್ತೇನೆ. ಆ ವಾಕಿಟಾಕಿಗಳ ಬದಲು ಸಿಸ್ಟರ್‌ಗೆ ಹೊಸವು ಕೊಟ್ಟು, ಹಳೆಯವನ್ನು ನಾನೇ ಇಟ್ಟುಕೊಂಡಿದ್ದೇನೆ. ಬ್ಯಾಟರಿ ಇಲ್ಲದ ಸೆಟ್ಟನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟಿದ್ದೇನೆ. ಅದರಿಂದ ಮತ್ತೆ ಏನೂ ಕೇಳಿಸಿಲ್ಲ. ಗಿರಾಕಿಯ ಎದುರು ಒಂದು ಮಾತು ನುಂಗಬೇಕಾಗಿ ಬಂದಾಗ ಮಾತ್ರ ಕಣ್ಣು ಅತ್ತ ಹೋಗುತ್ತದೆ.

ನೀವು ಇಂಥ ಗಾಡಿ ಇಟ್ಟುಕೊಂಡವರಾದರೆ ನನ್ನ ಮಾತು ಕೇಳಿ. ದೀಪ, ಕ್ಯಾರಿಯರ್ ಆಮೇಲೆ ಕೊಳ್ಳಿ. ಮೊದಲು ಸಲಿಕೆ, ಗಾಳಿ ನೋಡುವ ಗೇಜು, ಗಾಳಿ ತುಂಬುವ ಪಂಪು, ದಪ್ಪ ಕೈಗವಸು. ಪಟ್ಟಿಯನ್ನು ಬಂಪರಿಗೆ ಎಂದೂ ಕಟ್ಟಬೇಡಿ, ಗಾಡಿಯ ಚೌಕಟ್ಟಿಗೆ, ಅಂದರೆ ಚಾಸಿಗೆ, ಬೋಲ್ಟ್ ಹಾಕಿದ ಕೊಕ್ಕೆಗೇ ಕಟ್ಟಿ. ಎಳೆಯುವ ಮುಂಚೆ ಪಟ್ಟಿಯ ನಡುವೆ ಒಂದು ಒದ್ದೆ ಗೋಣಿಚೀಲ ಹಾಕಿ, ಹರಿದರೆ ಅದರ ಭಾರ ಪಟ್ಟಿಯನ್ನು ನೆಲಕ್ಕೆ ಬೀಳಿಸುತ್ತದೆ. ಈಗ ಹಗ್ಗದಿಂದ ಹೆಣೆದ ಮೆತ್ತನೆ ಶ್ಯಾಕಲ್ ಬಂದಿವೆ, ದುಡ್ಡು ಹೆಚ್ಚು, ಮುರಿದರೂ ಯಾರ ತಲೆಯನ್ನೂ ಒಡೆಯುವುದಿಲ್ಲ, ಅದನ್ನೇ ಕೊಳ್ಳಿ. ಪ್ರತಿಯೊಂದು ಸಾಮಾನಿಗೂ ಗುರುತು ಹಾಕಿ. ಎಳೆಯುವಾಗ ಚಲೋ ಅನ್ನಬೇಡಿ, ಕೈ ಎತ್ತಿ ತೋರಿಸಿ.

ಕೊಳ್ಳುವಾಗ ಅಂಗಡಿಯವನಿಗೆ ಬಿಲ್ಲು, ಗ್ಯಾರಂಟಿ ಏನೂ ಕೇಳಬೇಡಿ, ಅವೆಲ್ಲ ಕಾಗದ. ಒಂದೇ ಪ್ರಶ್ನೆ ಕೇಳಿ: ಇದನ್ನು ಹಾಕಿ ನಾನು ಎಳೆಯುವಾಗ ನೀನು ಹತ್ತಿರ ನಿಲ್ಲುತ್ತೀಯಾ? ಅವನು ಏನು ಹೇಳುತ್ತಾನೆ ಎನ್ನುವುದು ಮುಖ್ಯವಲ್ಲ. ಹೇಳುವ ಮೊದಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ ನೋಡಿ. ನನ್ನ ಅಂಗಡಿಗೆ ಬಂದರೂ ಕೇಳಿ.